ಹಿಂದಿನ ಆಕ್ಸಲ್ಲಿನಿಂದ ಎಣ್ಣೆ ಜಿನುಗುತ್ತಿದೆಯೇ? ಮನೆಯಲ್ಲೇ ಸರಿಪಡಿಸುವ ಕ್ರಮ

ಬೆಳಿಗ್ಗೆ ಗಾಡಿ ತೆಗೆದ ಮೇಲೆ ಪೋರ್ಟಿಕೋದ ನೆಲ ನೋಡುವ ಅಭ್ಯಾಸ ಒಳ್ಳೆಯದು. ಹಿಂದಿನ ಚಕ್ರ ನಿಂತಿದ್ದ ಜಾಗದಲ್ಲಿ ಅಂಗೈಯಗಲದ ಕಪ್ಪು ಕಲೆ, ಚಕ್ರದ ಒಳಮೈಗೆ ಧೂಳು ಮೆತ್ತಿದ ಜಿಡ್ಡು ಕಂಡರೆ ಹಿಂದಿನ ಆಕ್ಸಲ್ ಸೋರುತ್ತಿದೆ ಎಂದೇ ಅರ್ಥ. ‘ಒಂದೆರಡು ತೊಟ್ಟು ತಾನೆ, ಸರ್ವೀಸಿಗೆ ಬಿಟ್ಟಾಗ ನೋಡಿದರಾಯಿತು’ ಎಂದು ಬಹಳ ಮಂದಿ ಮುಂದೂಡುತ್ತಾರೆ. ಹಾಗೆ ಮುಂದೂಡಬೇಡಿ. ಸೋರುವ ಜಾಗಕ್ಕೂ ಬ್ರೇಕ್ ಲೈನರಿಗೂ ಇರುವುದು ಕೆಲವೇ ಅಂಗುಲಗಳ ಅಂತರ. ಎಣ್ಣೆ ಡ್ರಮ್ಮಿನೊಳಗೆ ಇಳಿದರೆ ಆ ಚಕ್ರದ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ. ಒಂದು ಕಡೆ ಹಿಡಿದು ಇನ್ನೊಂದು ಕಡೆ ಹಿಡಿಯದಿದ್ದರೆ ಗಾಡಿ ಪಕ್ಕಕ್ಕೆ ಎಳೆಯುತ್ತದೆ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟದಿಂದ ಇಳಿಯುವಾಗ ಹೀಗಾದರೆ ಪರಿಣಾಮ ಏನೆಂದು ಹೇಳಬೇಕಾಗಿಲ್ಲ.

ಸ್ಪ್ಯಾನರ್ ಹಿಡಿದು ರೂಢಿಯಿರುವವರು, ಒಮ್ಮೆಯಾದರೂ ಬ್ರೇಕ್ ಡ್ರಮ್ ಬಿಚ್ಚಿ ಜೋಡಿಸಿದವರು ಈ ಕೆಲಸವನ್ನು ಒಂದು ಭಾನುವಾರದಲ್ಲಿ ಮನೆಯಲ್ಲೇ ಮುಗಿಸಬಹುದು. ಒಂದು ಮಾತು ಮಾತ್ರ ಮೊದಲಿನಿಂದ ಕೊನೆಯವರೆಗೂ ನೆನಪಿರಲಿ: ಸೀಲ್ ಬದಲಾಯಿಸುವುದು ಅರ್ಧ ಕೆಲಸ, ಅದು ಏಕೆ ಹಾಳಾಯಿತು ಎಂದು ಕಂಡುಹಿಡಿಯುವುದು ಇನ್ನರ್ಧ. ಕಾರಣ ಹುಡುಕದೆ ಹಾಕಿದ ಹೊಸ ಸೀಲ್ ಕೆಲವೇ ವಾರಗಳಲ್ಲಿ ಮತ್ತೆ ಸೋರುತ್ತದೆ.

ಯಾವ ಗಾಡಿಗಳಿಗೆ ಈ ತೊಂದರೆ?

ಎಂಜಿನ್ನಿನ ಬಲ ಹಿಂದಿನ ಚಕ್ರಕ್ಕೆ ಹೋಗುವ, ಹಿಂದೆ ಒಂದೇ ಗಟ್ಟಿ ಹೌಸಿಂಗ್ ಇರುವ ಗಾಡಿಗಳಿಗೆ ಮಾತ್ರ. ಅಂಬಾಸಿಡರ್, ಪದ್ಮಿನಿ, ಜೀಪ್, ಜಿಪ್ಸಿ, ಸುಮೋ, ಬೊಲೆರೊ, ಕ್ವಾಲಿಸ್, ಇನ್ನೋವಾ ಕ್ರಿಸ್ಟಾ ಇವೆಲ್ಲ ಈ ಸಾಲಿನವು. ಮೈಸೂರಿನ ಬೀದಿಗಳಲ್ಲಿ ಈ ಜಾತಿಯ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಮಾರುತಿಯ ಓಮ್ನಿ ಮತ್ತು ಈಕೋ. 1984ರಲ್ಲಿ ಮಾರುತಿ ವ್ಯಾನ್ ಎಂಬ ಹೆಸರಿನಲ್ಲಿ ಬಂದ ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. 2010ರಲ್ಲಿ ಬಂದ ಈಕೋ ಆ ಜಾಗ ತುಂಬಿದೆ. ಶಾಲೆ ಮಕ್ಕಳು, ದೇವರಾಜ ಮಾರುಕಟ್ಟೆಯ ಹೂವು ಹಣ್ಣು, ಮದುವೆ ಮನೆಯ ಪಾತ್ರೆ ಪಡಗ ಎಲ್ಲವನ್ನೂ ಹೊರುವ ಈ ಗಾಡಿಗಳ ಹಿಂದಿನ ಆಕ್ಸಲ್ಲಿನ ಮೇಲೆ ಭಾರ ಹೆಚ್ಚು. ಆದ್ದರಿಂದ ಮುಂದಿನ ವಿವರಣೆಗೆ ಇವೆರಡನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ಬೇರೆ ಗಾಡಿಯಾದರೆ ಕ್ರಮ ಹೆಚ್ಚುಕಡಿಮೆ ಇದೇ, ಜೋಡಣೆಯಲ್ಲಿ ಸಣ್ಣಪುಟ್ಟ ವ್ಯತ್ಯಾಸವಿರುತ್ತದೆ.

ಆಲ್ಟೊ, ಸ್ವಿಫ್ಟ್, ಐ20ಯಂತಹ ಗಾಡಿಗಳಲ್ಲಿ ಬಲ ಹೋಗುವುದು ಮುಂದಿನ ಚಕ್ರಕ್ಕೆ. ಅವುಗಳ ಹಿಂಭಾಗದಲ್ಲಿ ಗೇರ್ ಆಯಿಲ್ ಇರುವುದೇ ಇಲ್ಲ. ಅಂಥ ಗಾಡಿಯ ಹಿಂದಿನ ಚಕ್ರದ ಒಳಗೆ ತೇವ ಕಂಡರೆ ಅದು ಬಹುಪಾಲು ಬ್ರೇಕ್ ಆಯಿಲ್. ತಕ್ಷಣ ಗಾಡಿ ಓಡಿಸುವುದನ್ನು ನಿಲ್ಲಿಸಿ ಮೆಕ್ಯಾನಿಕ್ಕನ್ನು ಕರೆಸಿ.

ಎಣ್ಣೆ ಏಕೆ ಸೋರುತ್ತದೆ?

ಹಿಂದಿನ ಆಕ್ಸಲ್ಲಿನ ನಡುವೆ ಗುಂಡಗೆ ಉಬ್ಬಿದ ಭಾಗದೊಳಗೆ ಡಿಫರೆನ್ಷಿಯಲ್ ಇದೆ. ಎಂಜಿನ್ನಿನಿಂದ ಬಂದ ತಿರುಗುವಿಕೆಯನ್ನು ಅದು ಎರಡು ಶಾಫ್ಟುಗಳ ಮೂಲಕ ಎಡಬಲ ಚಕ್ರಗಳಿಗೆ ಹಂಚುತ್ತದೆ. ಹಲ್ಲಿಗೆ ಹಲ್ಲು ಉಜ್ಜಿ ಸವೆಯದಂತೆ ಒಳಗೆ ಮಂದವಾದ ಗೇರ್ ಆಯಿಲ್ ಇರುತ್ತದೆ. ಶಾಫ್ಟ್ ಹೊರಬರುವ ಜಾಗದಲ್ಲಿ ಈ ಎಣ್ಣೆಯನ್ನು ತಡೆಯುವುದು ರಬ್ಬರಿನ ಆಯಿಲ್ ಸೀಲ್. ಸೀಲಿನ ತೆಳುವಾದ ತುಟಿ, ಅದರ ಹಿಂದಿರುವ ಸಣ್ಣ ಸ್ಪ್ರಿಂಗಿನ ಬಿಗಿಯಿಂದ, ತಿರುಗುವ ಶಾಫ್ಟನ್ನು ಮೆಲ್ಲಗೆ ಅಪ್ಪಿಕೊಂಡಿರುತ್ತದೆ.

ಈ ತುಟಿ ಸೋಲುವುದಕ್ಕೆ ಮುಖ್ಯವಾಗಿ ಮೂರು ಕಾರಣ.

ಮೊದಲನೆಯದು ಬ್ರೀದರ್ ಮುಚ್ಚಿಹೋಗುವುದು. ಗಾಡಿ ಓಡಿದಾಗ ಹೌಸಿಂಗ್ ಬಿಸಿಯಾಗಿ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಲು ಹೌಸಿಂಗಿನ ಮೇಲ್ಭಾಗದಲ್ಲಿ ಬೆರಳ ತುದಿಯಷ್ಟು ದೊಡ್ಡ ಬ್ರೀದರ್ ಇಟ್ಟಿರುತ್ತಾರೆ. ಕೆಸರು ಮೆತ್ತಿ ಅದು ಮುಚ್ಚಿದರೆ, ವಿಷಲ್ ಕಟ್ಟಿಕೊಂಡ ಕುಕ್ಕರಿನಂತೆ ಒಳಗೆ ಒತ್ತಡ ಏರುತ್ತದೆ. ಆ ಒತ್ತಡಕ್ಕೆ ಸಿಗುವ ದಾರಿ ಸೀಲಿನ ತುಟಿಯೊಂದೇ.

ಎರಡನೆಯದು ಬೇರಿಂಗ್ ಸವೆತ. ಬೇರಿಂಗ್ ಸಡಿಲವಾದರೆ ಶಾಫ್ಟ್ ಅಲ್ಲಾಡುತ್ತದೆ. ಅಲ್ಲಾಡುವ ಶಾಫ್ಟನ್ನು ಎಷ್ಟೇ ಒಳ್ಳೆಯ ಸೀಲೂ ಸುತ್ತಲೂ ಸಮನಾಗಿ ಹಿಡಿಯಲಾರದು.

ಮೂರನೆಯದು ವಯಸ್ಸು. ಬಿಸಿಗೆ ರಬ್ಬರ್ ಗಟ್ಟಿಯಾಗುತ್ತದೆ, ಶಾಫ್ಟಿನ ಮೇಲೆ ತುಟಿ ಉಜ್ಜುವ ಜಾಗದಲ್ಲಿ ಗೆರೆ ಬೀಳುತ್ತದೆ.

ಎಣ್ಣೆ ಅಳತೆ ಮೀರಿ ತುಂಬಿದರೂ ಸೋರುತ್ತದೆ ಎಂಬುದನ್ನು ಇದರ ಜೊತೆಗೆ ಸೇರಿಸಿಕೊಳ್ಳಿ.

ಮೊದಲು ಪತ್ತೆ: ಯಾವ ಎಣ್ಣೆ, ಎಲ್ಲಿಂದ?

ಹಿಂಭಾಗವನ್ನು ಚೆನ್ನಾಗಿ ತೊಳೆದು ಒರೆಸಿ. ಒಂದು ದಿನ ಎಂದಿನಂತೆ ಓಡಿಸಿ, ರಾತ್ರಿ ಗಾಡಿಯ ಕೆಳಗೆ ಅಗಲವಾದ ರಟ್ಟು ಹಾಸಿ. ಬೆಳಿಗ್ಗೆ ರಟ್ಟಿನ ಮೇಲಿನ ಕಲೆಯ ಜಾಗ ನೋಡಿ, ತೇವವನ್ನು ಬೆರಳಿಗೆ ಹಚ್ಚಿ ನೋಡಿ. ಗೇರ್ ಆಯಿಲ್ ಮಂದವಾಗಿರುತ್ತದೆ, ಮೂಗಿಗೆ ಗಂಧಕದ ಕಟುವಾದ ನಾತ ಹೊಡೆಯುತ್ತದೆ. ಒಮ್ಮೆ ಮೂಸಿದರೆ ಮತ್ತೆ ಮರೆಯುವುದಿಲ್ಲ. ಬ್ರೇಕ್ ಆಯಿಲ್ ನೀರಿನಂತೆ ತೆಳು, ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ.

ಸೋರುವ ಜಾಗಗಳು ಇವು:

1. ಚಕ್ರದ ಒಳಮೈ, ಬ್ರೇಕ್ ಪ್ಲೇಟಿನ ಕೆಳತುದಿ: ಆಕ್ಸಲ್ ಶಾಫ್ಟಿನ ಸೀಲ್ ಹೋಗಿದೆ. ಈ ಲೇಖನ ಮುಖ್ಯವಾಗಿ ಇದರ ಬಗ್ಗೆ.
2. ಡ್ರೈನ್ ಪ್ಲಗ್, ಫಿಲ್ಲರ್ ಪ್ಲಗ್: ವಾಷರ್ ಬದಲಾಯಿಸಿ ಹದವಾಗಿ ಬಿಗಿ ಮಾಡಿದರೆ ಸಾಕು.
3. ಹೌಸಿಂಗಿನ ಮುಂಭಾಗ, ಪ್ರೊಪೆಲ್ಲರ್ ಶಾಫ್ಟ್ ಸೇರುವಲ್ಲಿ: ಪಿನಿಯನ್ ಸೀಲ್ ಹೋಗಿದೆ. ಇದನ್ನು ಮನೆಯಲ್ಲಿ ಮುಟ್ಟಬೇಡಿ. ಪಿನಿಯನ್ ನಟ್ಟಿನ ಬಿಗಿಯೇ ಒಳಗಿನ ಬೇರಿಂಗುಗಳ ಹದವನ್ನು ನಿರ್ಧರಿಸುತ್ತದೆ. ಅಂದಾಜಿನ ಮೇಲೆ ಬಿಗಿ ಮಾಡಿದರೆ ಡಿಫರೆನ್ಷಿಯಲ್ಲೇ ಹಾಳಾಗುತ್ತದೆ.
4. ನಡುವಿನ ಬೋಲ್ಟುಗಳ ಸುತ್ತ: ಪ್ಯಾಕಿಂಗ್ ಹೋಗಿದೆ. ಭಾರವಾದ ಡಿಫರೆನ್ಷಿಯಲ್ಲನ್ನು ಇಳಿಸಬೇಕಾದ ಕೆಲಸ. ಗ್ಯಾರೇಜಿನಲ್ಲೇ ಮಾಡಿಸಿ.

ತೇವ ಎಲ್ಲೇ ಕಂಡರೂ ಮೊದಲು ಬ್ರೀದರ್ ನೋಡಿ. ಅದರ ಟೋಪಿ ಸಲೀಸಾಗಿ ತಿರುಗಬೇಕು. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಊದಿದರೆ ಗಾಳಿ ಆಡಬೇಕು. ಕೆಲವು ಗಾಡಿಗಳಲ್ಲಿ ಬ್ರೀದರಿಗೆ ಉದ್ದದ ರಬ್ಬರ್ ಪೈಪ್ ಇರುತ್ತದೆ. ಅದು ಮಡಿಚಿ ಹಿಸುಕಿಹೋಗಿಲ್ಲವೇ ಪರೀಕ್ಷಿಸಿ. ಸೋರಿಕೆ ಇತ್ತೀಚಿನದಾಗಿದ್ದು ಸೀಲ್ ಇನ್ನೂ ಹಾಳಾಗಿಲ್ಲದಿದ್ದರೆ ಕೆಲವೊಮ್ಮೆ ಇಷ್ಟಕ್ಕೇ ನಿಲ್ಲುತ್ತದೆ.

ಹೊಂದಿಸಿಕೊಳ್ಳಬೇಕಾದ ಸಾಮಾನು

ಎರಡೂ ಬದಿಯ ಆಯಿಲ್ ಸೀಲ್, ಪ್ಲಗ್ ವಾಷರ್, ಬ್ರೇಕ್ ಲೈನರ್ ಸೆಟ್ (ಎಣ್ಣೆ ತಾಗಿದ್ದರೆ), ಎರಡು ಲೀಟರ್ ಗೇರ್ ಆಯಿಲ್, ಸೀಲಾಂಟ್ ಟ್ಯೂಬ್, ಬ್ರೇಕ್ ಕ್ಲೀನರ್ ಸ್ಪ್ರೇ, ಬ್ರೇಕ್ ಆಯಿಲ್, ಕಾಟನ್ ವೇಸ್ಟ್, ಅಗಲ ಬಾಯಿಯ ಟ್ರೇ. ಸಲಕರಣೆಗಳಲ್ಲಿ ಜ್ಯಾಕ್, ಎರಡು ಜ್ಯಾಕ್ ಸ್ಟ್ಯಾಂಡ್, ರಿಂಗ್ ಮತ್ತು ಬಾಕ್ಸ್ ಸ್ಪ್ಯಾನರ್ ಸೆಟ್, ಬ್ರೇಕ್ ಪೈಪ್ ನಟ್ಟಿಗೆ ಫ್ಲೇರ್ ಸ್ಪ್ಯಾನರ್, ಟಾರ್ಕ್ ರೆಂಚ್, ಶಾಫ್ಟ್ ಎಳೆಯಲು ಸ್ಲೈಡ್ ಹ್ಯಾಮರ್. ಕೊನೆಯದನ್ನು ಕೊಳ್ಳುವ ಅಗತ್ಯವಿಲ್ಲ. ಪರಿಚಯದ ಗ್ಯಾರೇಜಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಗೇರ್ ಆಯಿಲ್ ಡಬ್ಬಿಯ ಮೇಲೆ ದಪ್ಪ ಮತ್ತು ದರ್ಜೆ ಎರಡನ್ನೂ ನೋಡಿ. ಇಂಥ ಆಕ್ಸಲ್ಲುಗಳಿಗೆ ಸಾಮಾನ್ಯವಾಗಿ 80ಡಬ್ಲ್ಯೂ-90, ಜಿಎಲ್-5 ದರ್ಜೆ ಬರುತ್ತದೆ. ಗಾಡಿಯ ಜೊತೆ ಕೊಟ್ಟ ಪುಸ್ತಕದಲ್ಲಿ ಬೇರೆ ಹೇಳಿದ್ದರೆ ಅದನ್ನೇ ಪಾಲಿಸಿ. ಸೀಲ್ ಕೆಲವು ನೂರು ರೂಪಾಯಿಯ ಒಳಗಿನ ವಸ್ತು. ಅಲ್ಲಿ ಉಳಿತಾಯ ಮಾಡಲು ಹೋಗಬೇಡಿ, ಕಂಪನಿಯದೇ ಕೇಳಿ ಬಿಲ್ ಪಡೆಯಿರಿ. ಹಳೆಯ ಸೀಲಿನ ಮುಖದ ಮೇಲೆ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಮಿಲಿಮೀಟರಿನಲ್ಲಿ ಅಚ್ಚೊತ್ತಿರುವುದುಂಟು. ಹೊಸದರೊಂದಿಗೆ ಹೋಲಿಸಿ ನೋಡಿದ ಮೇಲೆಯೇ ಕೂರಿಸಿ.

ಜೀವಕ್ಕೆ ಸಂಬಂಧಿಸಿದ ಎಚ್ಚರಿಕೆ

ಹಿಂದಿನ ಚಕ್ರ ಎತ್ತಿದಾಗ ಹ್ಯಾಂಡ್ ಬ್ರೇಕ್ ಗಾಡಿಯನ್ನು ಹಿಡಿದೀತು ಎಂದು ನಂಬಬೇಡಿ. ಈ ಗಾಡಿಗಳಲ್ಲಿ ಅದು ಹಿಡಿಯುವುದು ಹಿಂದಿನ ಚಕ್ರಗಳನ್ನೇ, ಅವು ಈಗ ಗಾಳಿಯಲ್ಲಿವೆ. ಡ್ರಮ್ ಬಿಚ್ಚಲು ಅದನ್ನು ಸಡಿಲಿಸಲೂ ಬೇಕು. ‘ಗೇರಿನಲ್ಲಿ ನಿಲ್ಲಿಸಿದ್ದೇನೆ’ ಎಂಬ ಧೈರ್ಯವೂ ಸಲ್ಲದು. ಒಂದು ಚಕ್ರ ಮೇಲಿದ್ದರೆ ಡಿಫರೆನ್ಷಿಯಲ್ ಆ ಚಕ್ರವನ್ನು ಬಿಡಿಯಾಗಿ ತಿರುಗಲು ಬಿಡುತ್ತದೆ. ಆಗ ಗೇರಿನಲ್ಲಿದ್ದರೂ ಗಾಡಿ ಉರುಳಬಹುದು. ಆದ್ದರಿಂದ ಎರಡೂ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಮರದ ಅಡೆ ಕೊಡಲೇಬೇಕು.

ನಮ್ಮ ಊರಿನ ಬಹಳಷ್ಟು ಮನೆಗಳಲ್ಲಿ ರಸ್ತೆಯಿಂದ ಪೋರ್ಟಿಕೋಗೆ ಚರಂಡಿ ದಾಟುವ ಇಳಿಜಾರು ಇರುತ್ತದೆ. ಆ ಇಳಿಜಾರಿನ ಮೇಲೆ ಜ್ಯಾಕ್ ಹಾಕಬೇಡಿ. ಸಮತಟ್ಟಾದ ಗಟ್ಟಿ ನೆಲವೇ ಬೇಕು. ಜ್ಯಾಕ್ ಇರುವುದು ಎತ್ತುವುದಕ್ಕೆ, ಭಾರ ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೇ ಸ್ಟ್ಯಾಂಡ್ ಕೊಡಿ. ಇಟ್ಟಿಗೆ, ಸಿಮೆಂಟ್ ಹಾಲೋ ಬ್ಲಾಕ್, ಚಪ್ಪಡಿ ಕಲ್ಲುಗಳ ರಾಶಿಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ. ಅವು ಯಾವ ಸೂಚನೆಯನ್ನೂ ಕೊಡದೆ ಒಡೆಯುತ್ತವೆ. ಒಬ್ಬರೇ ಇರುವಾಗ ಈ ಕೆಲಸ ಬೇಡ.

ಕೆಲಸದ ಕ್ರಮ

1. ಎತ್ತುವ ಮೊದಲು: ಗಾಡಿ ನೆಲದಲ್ಲಿದ್ದಾಗಲೇ ವೀಲ್ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ. ಆಮೇಲೆ ಎತ್ತಿ, ಆಕ್ಸಲ್ ಹೌಸಿಂಗಿನ ಕೆಳಗೆ ಎರಡೂ ಬದಿ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ಒಮ್ಮೆ ಅಲ್ಲಾಡಿಸಿ ನೋಡಿ.

2. ಬೇರಿಂಗ್ ಪರೀಕ್ಷೆ: ಚಕ್ರವನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಿ. ಲಟಕ್ ಲಟಕ್ ಎಂದರೆ, ಅಥವಾ ತಿರುಗಿಸಿದಾಗ ಮರಳು ಅರೆದಂಥ ಸದ್ದು ಬಂದರೆ ಬೇರಿಂಗ್ ಹೋಗಿದೆ. ಬೇರಿಂಗ್ ಮತ್ತು ಅದನ್ನು ಹಿಡಿದಿರುವ ಬಳೆಯನ್ನು ಶಾಫ್ಟಿಗೆ ಪ್ರೆಸ್ಸಿನಲ್ಲಿ ಒತ್ತಿ ಕೂರಿಸಿರುತ್ತಾರೆ. ಹಾಗಾಗಿ ಶಾಫ್ಟನ್ನು ಹೊರತೆಗೆದು, ಪ್ರೆಸ್ ಇರುವ ವರ್ಕ್‌ಶಾಪಿಗೆ ಒಯ್ದು ಹಾಕಿಸಿಕೊಂಡು ಬನ್ನಿ.

3. ಮೊದಲು ಫಿಲ್ಲರ್, ಆಮೇಲೆ ಡ್ರೈನ್: ಎಣ್ಣೆ ತುಂಬುವ ಮೇಲಿನ ಪ್ಲಗ್ಗನ್ನು ಮೊದಲು ಬಿಚ್ಚಿ. ಅದು ತುಕ್ಕು ಹಿಡಿದು ಬಾರದೆ ಹೋದರೆ, ಕೆಳಗಿನದನ್ನು ಬಿಚ್ಚಿ ಎಣ್ಣೆ ಸುರಿದ ಮೇಲೆ ಮತ್ತೆ ತುಂಬಲು ದಾರಿ ಇರುವುದಿಲ್ಲ. ಹಳೆಯ ಎಣ್ಣೆಯನ್ನು ಗಮನಿಸಿ. ಹಾಲು ಬೆರೆಸಿದ ಕಾಫಿಯ ಬಣ್ಣವಿದ್ದರೆ ನೀರು ಹೊಕ್ಕಿದೆ. ನುಣ್ಣನೆಯ ಬೂದು ಪುಡಿ ಸಹಜ, ಲೋಹದ ಚೂರುಗಳಿದ್ದರೆ ಡಿಫರೆನ್ಷಿಯಲ್ಲನ್ನೇ ತೋರಿಸಬೇಕು.

4. ಡ್ರಮ್ ತೆಗೆಯುವುದು: ಹ್ಯಾಂಡ್ ಬ್ರೇಕ್ ಇಳಿಸಿ, ಚಕ್ರ ಬಿಚ್ಚಿ. ಡ್ರಮ್ ಬಾರದಿದ್ದರೆ ಅದರ ಮುಖದ ಮೇಲೆ ಎರಡು ಮರೆ ಇರುವ ತೂತುಗಳನ್ನು ಹುಡುಕಿ. ಮಾರುತಿ ಗಾಡಿಗಳಲ್ಲಿ ಅವಕ್ಕೆ 8 ಮಿ.ಮೀ. ಬೋಲ್ಟ್ ಹಾಕಿ, ಎರಡನ್ನೂ ಸರದಿಯಂತೆ ಬಿಗಿ ಮಾಡುತ್ತ ಹೋದರೆ ಡ್ರಮ್ ತಾನಾಗಿ ಹೊರಬರುತ್ತದೆ. ಒಳಗಿನ ಧೂಳನ್ನು ಊದಬೇಡಿ. ಹಳೆಯ ಲೈನರಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡು ಸ್ಪ್ರೇಯಿಂದ ನೆನೆಸಿ ಒರೆಸಿ. ಡ್ರಮ್ ಬಿಚ್ಚಿದ ಮೇಲೆ ಯಾರೂ ಬ್ರೇಕ್ ಪೆಡಲ್ ತುಳಿಯಕೂಡದು.

5. ಬಿಡಿಸುವುದು: ಲೈನರ್ ಮತ್ತು ಸ್ಪ್ರಿಂಗುಗಳ ಜೋಡಣೆಯನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಬಿಚ್ಚಿ. ಹ್ಯಾಂಡ್ ಬ್ರೇಕ್ ಕೇಬಲ್ ಕಳಚಿ, ಬ್ರೇಕ್ ಪೈಪನ್ನು ವೀಲ್ ಸಿಲಿಂಡರಿನಿಂದ ಬಿಡಿಸಿ, ತುದಿಗೆ ರಬ್ಬರ್ ಟೋಪಿ ಹಾಕಿ. ಎಬಿಎಸ್ ಇರುವ ಗಾಡಿಯಾದರೆ ಸೆನ್ಸರ್ ಮತ್ತು ಅದರ ವೈರನ್ನು ಮೊದಲೇ ಜೋಪಾನವಾಗಿ ಕಳಚಿಡಿ.

6. ಶಾಫ್ಟ್ ಎಳೆಯುವುದು: ಬ್ರೇಕ್ ಪ್ಲೇಟನ್ನು ಹೌಸಿಂಗಿಗೆ ಹಿಡಿದಿರುವ ನಟ್ಟುಗಳನ್ನು ಹಿಂಭಾಗದಿಂದ ಬಿಚ್ಚಿ. ಸ್ಲೈಡ್ ಹ್ಯಾಮರನ್ನು ಶಾಫ್ಟಿನ ತಲೆಗೆ ಕಟ್ಟಿ ನೇರವಾಗಿ ಎಳೆದರೆ ಶಾಫ್ಟ್, ಬೇರಿಂಗ್, ಬ್ರೇಕ್ ಪ್ಲೇಟ್ ಒಟ್ಟಿಗೆ ಹೊರಬರುತ್ತವೆ. ಪೂರ್ತಿ ಹೊರಬರುವಾಗ ಕೆಳಗೆ ಕೈ ಕೊಟ್ಟು ಭಾರ ಹಿಡಿದುಕೊಳ್ಳಿ.

7. ಹಳೆಯ ಸೀಲ್ ತೆಗೆಯುವುದು: ಸೀಲ್ ಹೌಸಿಂಗಿನ ಬಾಯಿಯಲ್ಲಿ ಕೂತಿರುತ್ತದೆ. ಎಷ್ಟು ಆಳದಲ್ಲಿದೆ ಎಂದು ಮೊದಲು ಅಳೆದಿಟ್ಟುಕೊಳ್ಳಿ. ಸೀಲ್ ಪುಲ್ಲರ್ ಅಥವಾ ಬಾಗಿದ ಸ್ಕ್ರೂಡ್ರೈವರಿನಿಂದ ಮೀಟಿ ತೆಗೆಯಿರಿ. ಹೌಸಿಂಗಿನ ಒಳಗೋಡೆಗೆ ಗೀರು ಬೀಳಬಾರದು, ಆ ಗೀರೇ ನಾಳೆ ಎಣ್ಣೆಗೆ ಕಾಲುವೆ ಆಗುತ್ತದೆ.

8. ಶಾಫ್ಟ್ ಪರೀಕ್ಷೆ: ತುಟಿ ಉಜ್ಜಿದ ಜಾಗದ ಮೇಲೆ ಉಗುರು ಎಳೆಯಿರಿ. ನುಣುಪಾಗಿದ್ದರೆ ಸರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಶಾಫ್ಟಿಗೆ ಸ್ಲೀವ್ ಹಾಕಿಸಬೇಕು ಅಥವಾ ಶಾಫ್ಟನ್ನೇ ಬದಲಾಯಿಸಬೇಕು.

9. ಹೊಸ ಸೀಲ್ ಕೂರಿಸುವುದು: ಸ್ಪ್ರಿಂಗ್ ಇರುವ ಮುಖ ಒಳಕ್ಕೆ, ಅಂದರೆ ಎಣ್ಣೆಯ ಕಡೆಗೆ ಬರಬೇಕು. ತುಟಿಗೆ ಗ್ರೀಸ್ ಸವರಿ. ಸೀಲಿನ ಅಂಚಿನಷ್ಟೇ ಅಗಲದ ಬಾಕ್ಸ್ ಅಥವಾ ಪೈಪ್ ತುಂಡು ಇಟ್ಟು, ಸುತ್ತಲೂ ಸಮನಾಗಿ, ಮೆಲ್ಲಗೆ ಬಡಿದು ಹಳೆಯ ಆಳಕ್ಕೇ ಕೂರಿಸಿ. ಓರೆಯಾದರೆ ಸುತ್ತಿಗೆಯ ಏಟಿನಿಂದ ತಿದ್ದಲು ಹೋಗಬೇಡಿ, ತೆಗೆದು ಇನ್ನೊಂದನ್ನು ಹಾಕಿ.

10. ಶಾಫ್ಟ್ ಒಳಸೇರಿಸುವುದು: ಕೂಡುವ ಮುಖಗಳ ಹಳೆಯ ಅಂಟನ್ನೆಲ್ಲ ಕೆರೆದು ಒರೆಸಿ, ತೆಳುವಾಗಿ ಸೀಲಾಂಟ್ ಹಚ್ಚಿ. ಶಾಫ್ಟನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೇ ಒಳಗೆ ತೂರಿಸಿ. ಅದರ ತುದಿಯ ಹಲ್ಲುಗಳು ಹರಿತ. ಭಾರವನ್ನು ಸೀಲಿನ ಮೇಲೆ ಬಿಟ್ಟರೆ ಹೊಸ ತುಟಿ ಅಲ್ಲೇ ಹರಿಯುತ್ತದೆ. ಹಲ್ಲು ಕೂಡದಿದ್ದರೆ ಶಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒತ್ತಿ. ನಟ್ಟುಗಳನ್ನು ಎದುರುಬದುರಾಗಿ, ಪುಸ್ತಕದಲ್ಲಿರುವ ಟಾರ್ಕಿಗೆ ಬಿಗಿ ಮಾಡಿ.

11. ಬ್ರೇಕ್ ಜೋಡಣೆ ಮತ್ತು ಏರ್ ತೆಗೆಯುವುದು: ಡ್ರಮ್ಮನ್ನು ಕ್ಲೀನರಿನಿಂದ ಜಿಡ್ಡಿಲ್ಲದಂತೆ ಒರೆಸಿ. ಲೈನರ್ ಜೋಡಿಸಿ, ಹ್ಯಾಂಡ್ ಬ್ರೇಕ್ ಕೇಬಲ್ ಮತ್ತು ಪೈಪ್ ಕೂಡಿಸಿ, ಡ್ರಮ್ ಹಾಕಿ. ಜೊತೆಗಿರುವವರು ಪೆಡಲ್ ತುಳಿದು ಹಿಡಿದಾಗ ಬ್ಲೀಡರ್ ನಿಪ್ಪಲ್ ಸಡಿಲಿಸಿ. ಗುಳ್ಳೆ ಬಂದ ಮೇಲೆ ನಿಪ್ಪಲ್ ಮುಚ್ಚಿ, ಆಮೇಲೆಯೇ ಪೆಡಲ್ ಬಿಡಲು ಹೇಳಿ. ಗುಳ್ಳೆ ನಿಲ್ಲುವವರೆಗೂ ಹೀಗೇ ಮಾಡಿ. ಮೇಲಿನ ಬ್ರೇಕ್ ಆಯಿಲ್ ಡಬ್ಬಿ ಖಾಲಿಯಾಗದಂತೆ ತುಂಬುತ್ತಿರಿ. ಯಾವ ಆಯಿಲ್ ಎಂಬುದು ಅದರ ಮುಚ್ಚಳದ ಮೇಲೇ ಇರುತ್ತದೆ. ಕೆಲವು ಗಾಡಿಗಳಲ್ಲಿ ಹಿಂದೆ ಒಂದೇ ಬದಿಗೆ ನಿಪ್ಪಲ್ ಇರುವುದುಂಟು, ಗಾಬರಿಯಾಗಬೇಡಿ.

12. ಎಣ್ಣೆ ತುಂಬುವುದು: ಡ್ರೈನ್ ಪ್ಲಗ್ಗನ್ನು ಹೊಸ ವಾಷರಿನೊಂದಿಗೆ ಬಿಗಿ ಮಾಡಿ. ಚಕ್ರ ಹಾಕಿ ಗಾಡಿ ಇಳಿಸಿ. ಅದು ಸಮತಟ್ಟಾಗಿರುವಾಗ, ಫಿಲ್ಲರ್ ತೂತಿನ ಕೆಳ ಅಂಚಿನವರೆಗೆ ಎಣ್ಣೆ ಬಂದು ತೊಟ್ಟಿಕ್ಕಲು ಶುರುವಾದರೆ ಅದೇ ಸರಿಯಾದ ಮಟ್ಟ. ಮಂದವಾದ ಎಣ್ಣೆ ನಿಧಾನವಾಗಿ ಒಳಗೆ ಹರಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ, ಬೇಕಿದ್ದರೆ ಸೇರಿಸಿ ಪ್ಲಗ್ ಮುಚ್ಚಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಎಣ್ಣೆ ಕುಡಿದ ಲೈನರನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಬೆಂಕಿಗೆ ಹಿಡಿದು ಮತ್ತೆ ಹಾಕುವುದು. ಮೇಲೆ ಒಣಗಿದಂತೆ ಕಂಡರೂ ಬಿಸಿಯಾದಾಗ ಒಳಗಿನ ಎಣ್ಣೆ ಹೊರಬರುತ್ತದೆ. ಹೊಸದೇ ಹಾಕಿ, ಎರಡೂ ಚಕ್ರಕ್ಕೂ ಹಾಕಿ.

• ಒಂದು ಬದಿಯ ಸೀಲ್ ಮಾತ್ರ ಬದಲಾಯಿಸುವುದು. ಎರಡಕ್ಕೂ ವಯಸ್ಸು ಒಂದೇ.

• ಸೋರುವ ಜಾಗಕ್ಕೆ ಹೊರಗಿನಿಂದ ಎಂ-ಸೀಲ್ ಮೆತ್ತುವುದು. ತಿರುಗುವ ಶಾಫ್ಟಿನ ಸುತ್ತ ಅದು ನಿಲ್ಲುವುದಿಲ್ಲ. ಹೊರಗೆ ತೊಟ್ಟಿಕ್ಕುವುದು ನಿಂತರೆ ಎಣ್ಣೆ ಒಳಗೇ ಡ್ರಮ್ಮಿಗೆ ಹೋಗುತ್ತಿದೆ ಎಂದರ್ಥ.

• ಸೀಲಾಂಟ್ ಹೆಚ್ಚು ಹಚ್ಚುವುದು. ಒಳಗೆ ಹಿಸುಕಿದ ಉಂಡೆಗಳು ಕಿತ್ತು ಎಣ್ಣೆಯಲ್ಲಿ ಸೇರಿಕೊಳ್ಳುತ್ತವೆ.

• ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯುವುದು. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ನಗರದ ಕೊಳಚೆ ಹರಿದು ದಳವಾಯಿ ಕೆರೆ ಏನಾಗಿದೆ ಎಂದು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಯಾವಾಗ ಗ್ಯಾರೇಜಿಗೇ ಹೋಗಬೇಕು?

ವಾರಂಟಿ ಇನ್ನೂ ಇದ್ದರೆ, ಹೌಸಿಂಗಿನಲ್ಲೇ ಬಿರುಕಿದ್ದರೆ, ಪಿನಿಯನ್ ಕಡೆ ಸೋರುತ್ತಿದ್ದರೆ, ಏರ್ ತೆಗೆದ ಮೇಲೂ ಪೆಡಲ್ ಮೆತ್ತಗೇ ಇದ್ದರೆ ಮುಂದುವರಿಯಬೇಡಿ. ಕೊನೆಯದರಲ್ಲಂತೂ ಗಾಡಿಯನ್ನು ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ ಅಥವಾ ಎಳೆಸಿಕೊಂಡು ಹೋಗಿ.

ಕೆಲಸ ಮುಗಿದ ಮೇಲೆ

ಮೊದಲು ನಿಂತಲ್ಲೇ ಪೆಡಲ್ ಗಟ್ಟಿಯಾಗಿದೆಯೇ, ಹ್ಯಾಂಡ್ ಬ್ರೇಕ್ ಹಿಡಿಯುತ್ತದೆಯೇ ನೋಡಿ. ಬಳಿಕ ಜನಸಂಚಾರವಿಲ್ಲದ ಬೀದಿಯಲ್ಲಿ ನಿಧಾನವಾಗಿ ಓಡಿಸಿ ಹಲವು ಸಲ ಬ್ರೇಕ್ ಹಿಡಿದು ನೋಡಿ. ಗಾಡಿ ಪಕ್ಕಕ್ಕೆ ಎಳೆಯಬಾರದು. ಸುಮಾರು 50 ಕಿ.ಮೀ. ಓಡಿದ ಮೇಲೆ ವೀಲ್ ನಟ್ಟುಗಳ ಬಿಗಿ ಪರೀಕ್ಷಿಸಿ. ಒಂದು ವಾರ ರಾತ್ರಿ ರಟ್ಟು ಹಾಸುವುದನ್ನು ಬಿಡಬೇಡಿ. ಬೆಟ್ಟ, ಊಟಿ ಎಂದು ಹೊರಡುವುದು ರಟ್ಟು ಒಣಗಿದ್ದೇ ಆದರೆ ಮಾತ್ರ.

ಮಳೆಗಾಲದ ಬಗ್ಗೆ ಒಂದು ಮಾತು. ಕಬಿನಿ ಅಣೆಕಟ್ಟೆಯಿಂದ ನೀರು ಬಿಟ್ಟಾಗ ನಂಜನಗೂಡಿನ ಬಳಿ ಮಲ್ಲನಮೂಲೆ ಮಠದ ಹತ್ತಿರ ಹೆದ್ದಾರಿಯ ಮೇಲೆ ಕಪಿಲೆ ಹರಿಯುವುದನ್ನು ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ಅಲ್ಲಿ ಸಂಚಾರವೇ ನಿಂತಿತ್ತು. ರಸ್ತೆ ಮೇಲೆ ನೀರು ಹರಿಯುವಾಗ ಗಾಡಿ ಇಳಿಸದಿರುವುದೇ ಜಾಣತನ. ಎಲ್ಲಾದರೂ ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ಸಿಕ್ಕಿಕೊಂಡರೆ, ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಒಮ್ಮೆಲೇ ತಣ್ಣಗಾಗಿ ಒಳಗಿನ ಗಾಳಿ ಕುಗ್ಗುತ್ತದೆ. ಆಗ ಬ್ರೀದರಿನಿಂದಲೂ ಸೀಲಿನಿಂದಲೂ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ಊರಿಗೆ ಬಂದ ಕೂಡಲೇ ಫಿಲ್ಲರ್ ಪ್ಲಗ್ ಬಿಚ್ಚಿ ಎಣ್ಣೆಯ ಬಣ್ಣ ನೋಡಿ. ಬೆಳ್ಳಗಾಗಿದ್ದರೆ ಪೂರ್ತಿ ಬದಲಾಯಿಸಿ.

ಪ್ರತಿ ಸರ್ವೀಸಿನಲ್ಲೂ ಬ್ರೀದರ್ ತೊಳೆಸಿ, ಆಕ್ಸಲ್ ಎಣ್ಣೆಯ ಮಟ್ಟ ನೋಡಿಸಿ. ಎಂಜಿನ್ ಆಯಿಲ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಹಿಂದಿನ ಆಕ್ಸಲ್ ಬಗ್ಗೆ ನೀವಾಗಿ ಕೇಳದಿದ್ದರೆ ಯಾರೂ ನೋಡದೆ ಹೋಗಬಹುದು. ಈ ಎರಡು ಪರೀಕ್ಷೆಗೆ ಹಿಡಿಯುವುದು ಕೆಲವೇ ನಿಮಿಷ. ಅಷ್ಟು ಮಾಡಿಸಿದರೆ ಸೀಲ್ ತನ್ನ ಪೂರ್ತಿ ಆಯುಷ್ಯ ಬಾಳುತ್ತದೆ, ಬ್ರೇಕೂ ಬೇಕಾದಾಗ ಹಿಡಿಯುತ್ತದೆ.